ಎರಡು ಗಂಟಿನ ಡಬ್ಬಿ

ಹಳಿಯಾಳದ ಪೇಟೆಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಯ ಅಂಗಡಿ ಇದೆ. ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಸಪ್ಪಳದ ಮೇಲೆ ಅದರ ದಪ್ಪ ಎಷ್ಟು, ತಳ ಗಟ್ಟಿಯೋ ಪೊಳ್ಳೋ ಹೇಳಿಬಿಡುತ್ತೇನೆ. ಗಿರಾಕಿಗಳು ಬಾಯಿ ತೆರೆದು ನೋಡುತ್ತಾರೆ. ಬಾಯಿ ತೆರೆದು ನಿಂತ ಗಿರಾಕಿ ಚೌಕಾಸಿ ಮರೆಯುತ್ತಾನೆ, ಅಷ್ಟೇ ಇದರ ಲಾಭ. ಈ ವಿದ್ಯೆಗೆ ಒಮ್ಮೆಯೂ ತಲೆದೂಗದವಳು ಒಬ್ಬಳೇ, ನನ್ನ ಅಣ್ಣ ಚನಬಸಪ್ಪನ ಹೆಂಡತಿ ಕಾಶೆವ್ವ ವೈನಿ.

"ಬಡದ ಏನ ನೋಡ್ತೀಯೋ ಶರಣೂ, ಮುಚ್ಚಳಾ ತಗದ ನೋಡು" ಎನ್ನುವುದು ಆಕೆಯ ಮಾತು.

ಕಾಶೆವ್ವ ಮುಂಡಗೋಡದ ಕಡೆಯ ಒಂದು ಭತ್ತದ ಹಳ್ಳಿಯವಳು. ಮೂರನೆಯ ಇಯತ್ತೆಗೆ ಶಾಲೆ ಮುಗಿಯಿತು. ಅದರಾಚೆಗೆ ಅವಳಿಗೆ ಸಿಕ್ಕಿದ್ದು ಬುತ್ತಿ. ನಾಟಿಗೆ ಬಂದ ಇಪ್ಪತ್ತು ಹೆಂಗಸರಿಗೆ ಹೊಲಕ್ಕೆ ಊಟ ಹೊರುವ ಕೆಲಸ ಹನ್ನೊಂದು ವರ್ಷದ ಹುಡುಗಿಯ ತಲೆಗೆ ಬಂತು. ಬದುವಿನ ಮೇಲೆ ಕಾಲು ಜಾರಿದರೂ ಸಾರು ಚೆಲ್ಲಬಾರದು, ರೊಟ್ಟಿ ಮೆತ್ತಗಾಗಬಾರದು, ಇಪ್ಪತ್ತನೆಯವಳಿಗೆ ಕಡಿಮೆ ಬೀಳಬಾರದು. ನಮ್ಮ ಮನೆಗೆ ಸೊಸೆಯಾಗಿ ಬಂದ ಮೂವತ್ತೊಂದು ವರ್ಷದಲ್ಲಿ ಆಕೆ ಕಟ್ಟಿದ ಬುತ್ತಿ ಎಲ್ಲಿಯೂ ಸೋರಿದ್ದಿಲ್ಲ, ಹಳಸಿದ್ದಿಲ್ಲ. ನಮ್ಮ ಓಣಿಯಲ್ಲಿ ಯಾರು ದೂರದ ಊರಿಗೆ ಹೊರಟರೂ ಹಿಂದಿನ ದಿನ ಅವರ ಮನೆಯ ಹೆಂಗಸರು ಬಂದು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳಿಕೊಂಡು ಹೋಗುತ್ತಾರೆ.

ಕಾಶೆವ್ವನ ಬುತ್ತಿಗೆ ಅದರದೇ ಕಾನೂನು ಇದೆ. ಮೊಸರನ್ನ ಕಲಸಿ ಒಯ್ಯುವುದಿಲ್ಲ. ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ ಒಂದು ಚಮಚ ಹೆಪ್ಪು ಬೆರೆಸುತ್ತಾಳೆ. ಗಾಡಿ ಓಡುತ್ತಿದ್ದ ಹಾಗೆ ಅದು ತಾನೇ ಮೊಸರಾಗುತ್ತದೆ, ಊಟದ ಹೊತ್ತಿಗೆ ಹುಳಿ ಇರುವುದಿಲ್ಲ. ಕಡಕ್ ರೊಟ್ಟಿ ಹಳೆಯ ಧೋತರದ ತುಂಡಿನಲ್ಲಿ. ಶೇಂಗಾ ಚಟ್ನಿ ಬೇರೆ, ಅದಕ್ಕೆ ಹಾಕುವ ಎಣ್ಣೆ ಬೇರೆ. ಎಣ್ಣೆಗಾಯಿ ಬದನೆಕಾಯಿಗೆ ಈರುಳ್ಳಿ ಕಡಿಮೆ, ಪುಡಿ ಹೆಚ್ಚು. ಘಟ್ಟದ ತಿರುವಿನಲ್ಲಿ ವಾಂತಿ ಬರುವವರಿಗೆ ಮೂಸಲು ಲಿಂಬೆಹಣ್ಣು.

ಇಷ್ಟೇ ಆಗಿದ್ದರೆ ಎಲ್ಲರ ಮನೆಯ ಹೆಂಗಸರೂ ಮಾಡುತ್ತಾರೆ. ಕಾಶೆವ್ವ ಊಟದ ಜೊತೆಗೆ ಆಟವನ್ನೂ ಕಟ್ಟುತ್ತಾಳೆ. "ಜನಾ ಗಾಡ್ಯಾಗ ಹಸದು ತಿನ್ನೂದಿಲ್ಲ, ಬ್ಯಾಸರಾಗಿ ತಿಂತಾರ" ಎಂಬುದು ಆಕೆ ಕಂಡುಹಿಡಿದ ಸತ್ಯ. ಬೇಸರ ಕಳೆಯದಿದ್ದರೆ ಹಳಿಯಾಳದಲ್ಲಿ ಬಿಚ್ಚಿದ ಅವಲಕ್ಕಿ ಚೂಡಾ ದಾಂಡೇಲಿ ಬರುವಷ್ಟರಲ್ಲಿ ತಳ ಕಾಣುತ್ತದೆ. ಅದಕ್ಕೆಂದೇ ಒಂದು ಡಬ್ಬಿಯಲ್ಲಿ ಚೌಕಾಬಾರಾ ಆಟ: ಮನೆಗಳನ್ನು ಹೊಲಿದ ಬಟ್ಟೆ, ನಾಲ್ಕು ಕವಡೆ, ಕಾಯಿ ನಡೆಸಲು ಬಣ್ಣಬಣ್ಣದ ಬಳೆಚೂರು.

ಎಲ್ಲವೂ ಒಂದೇ ಅಳತೆಯ ಹನ್ನೆರಡು ಡಬ್ಬಿಗಳಲ್ಲಿ. ಅವು ನನ್ನ ಅಂಗಡಿಯವೇ. ಮೂರು ವರ್ಷ ಯಾರೂ ಮುಟ್ಟದೆ ಧೂಳು ತಿನ್ನುತ್ತಿದ್ದ ಒಂದು ಡಜನ್ನನ್ನು "ಒಂದೇ ನಮೂನಿ ಇದ್ರ ಛಲೋ ರೀ ವೈನಿ" ಎಂದು ಹೊಗಳಿ ಮನೆಗೇ ದಾಟಿಸಿದ್ದೆ. ಗುರುತಿಗೆ ಆಕೆ ಮುಚ್ಚಳದ ಮೇಲೆ ಅಡ್ಡಡ್ಡ ದಾರ ಕಟ್ಟುತ್ತಾಳೆ. ಬಿಳಿ ದಾರ ಬೆಳಗಿನ ನಾಷ್ಟಾ. ಹಸಿರು ಮಧ್ಯಾಹ್ನದ ಊಟ. ಕೆಂಪು ಎಂದರೆ "ನಾ ಹೇಳೂತನಕಾ ಬಿಚ್ಚಬ್ಯಾಡ್ರಿ." ಒಂದೇ ಬಣ್ಣದ ಎರಡು ಡಬ್ಬಿ ಇದ್ದರೆ ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು.

ಹೋದ ಡಿಸೆಂಬರಿನಲ್ಲಿ ಮನೆಮಂದಿ ಎಲ್ಲಾ ಉಳವಿಗೆ ಹೋಗಿ, ಒಂದು ರಾತ್ರಿ ಅಲ್ಲಿದ್ದು, ಮರುದಿನ ಕಾರವಾರದ ಸಮುದ್ರ ನೋಡಿ ಬರುವುದೆಂದು ಗೊತ್ತಾಯಿತು. ಎಪ್ಪತ್ತಾರು ವರ್ಷದ ನಮ್ಮ ಅವ್ವ ಮುದಕವ್ವ ಸಮುದ್ರ ನೋಡಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಹೊರಡಬೇಕು. ಐದಕ್ಕೆ ಸ್ನಾನ ಮಾಡಿ ಬಂದ ಅವ್ವ ಪಡಸಾಲೆಯಲ್ಲಿ ಕೈಯಲ್ಲಿ ಏನೋ ಹಿಡಿದು ನಿಂತುಬಿಟ್ಟಳು. ಕೊರಳಲ್ಲಿದ್ದ ಶಿವದಾರ ಹರಿದಿತ್ತು. ಅವಳ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಅಂಗೈಯಲ್ಲಿತ್ತು.

"ಹೊಂಡೂ ಹೊತ್ತಿಗೇ ಹರೀಬೇಕಾ ಇದು, ಕಾಶೀ?"

"ಹಳೇ ದಾರ ಹರೀದ ಏನ ಮಾಡೀತ್ರಿ ಅತ್ತಿ. ತರ್ರಿ, ಬ್ಯಾರೇ ದಾರ ಹಾಕಿ ಕೊಡ್ತೀನಿ."

"ಬ್ಯಾಡ. ಹೆಂಗೂ ಉಳವೀಗೆ ಹೊಂಟೇವಿ, ಅಲ್ಲೇ ಹೊಸಾ ಶಿವದಾರ ಹಾಕ್ಕೋತೀನಿ. ಅಲ್ಲೀತನಕಾ ನೀನ ಕಟ್ಟಿಡು. ಸೆರಗಿನ್ಯಾಗ ಕಟಗೊಂಡ್ರ ನನಗ ನಂಬಿಗಿ ಇಲ್ಲ. ನೀ ಕಟ್ಟಿದ್ದು ಎಲ್ಲೂ ಹೋಗೂದಿಲ್ಲ."

ಅವ್ವನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ದಿನದ ಕ್ರಮ ಒಂದೇ: ಮೊದಲು ಕಾಶೆವ್ವ ಇನ್ಸುಲಿನ್ ಸೂಜಿ ಹಾಕುವುದು, ಆಮೇಲೆ ಅವ್ವನ ಲಿಂಗಪೂಜೆ, ಅದಾದ ಮೇಲೆ ನಾಷ್ಟಾ. ಸೂಜಿ ಆದ ಅರ್ಧ ತಾಸಿನೊಳಗೆ ಹೊಟ್ಟೆಗೆ ಬೀಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಬರುತ್ತದೆಂದು ಡಾಕ್ಟರು ಬೆದರಿಸಿ ಕಳಿಸಿದ್ದರು. ಪೂಜೆ ಆಗದೆ ಒಂದು ಹನಿ ನೀರೂ ಬಾಯಿಗೆ ಹೋಗುವುದಿಲ್ಲ ಎಂದು ಅವ್ವ ಡಾಕ್ಟರನ್ನೇ ಬೆದರಿಸಿ ಬಂದಿದ್ದಳು. ಈ ಎರಡು ಬೆದರಿಕೆಗಳ ನಡುವಿನ ಅರ್ಧ ತಾಸನ್ನು ಹನ್ನೊಂದು ವರ್ಷ ತಪ್ಪದೆ ನಡೆಸಿದವಳು ಕಾಶೆವ್ವ. ಆ ದಿನ ಅವ್ವನ ಆಸೆ, ದಾಂಡೇಲಿಯಾಚೆ ಕಾಳಿ ಹೊಳೆಯ ದಂಡೆಗೆ ಕೂತು ಪೂಜೆ ಮಾಡಬೇಕೆಂದು. ಹಾಗಾಗಿ ಸೂಜಿಯೂ ಥರ್ಮಾಸಿನಲ್ಲಿ ತಂಪಾಗಿ ಗಾಡಿ ಹತ್ತಿತು.

ಕಾಶೆವ್ವ ಕರಡಿಗೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಳು. ಅದರ ಪಕ್ಕಕ್ಕೆ ವಿಭೂತಿ ಗಟ್ಟಿ, ರುದ್ರಾಕ್ಷಿ ಸರ. ಕೆಂಪು ದಾರ, ಎರಡು ಗಂಟು. ಚೌಕಾಬಾರಾದ ಡಬ್ಬಿಗೂ ಕೆಂಪು ದಾರವೇ, ಒಂದು ಗಂಟು. ಜೊಯಿಡಾ ದಾಟಿದ ಮೇಲೆ ತಾನು ಫೋನಿನಲ್ಲಿ ಹೇಳುವ ತನಕ ಹುಡುಗರು ಅದನ್ನು ಬಿಚ್ಚಬಾರದೆಂಬ ಲೆಕ್ಕ. ಕವಡೆ ಬಳೆಚೂರು ಒಡೆಯಬಾರದೆಂದು ಆಟದ ಬಟ್ಟೆಯಲ್ಲೇ ಬಿಗಿಯಾಗಿ ಸುತ್ತಿಟ್ಟಿದ್ದಳು.

ಗಾಡಿಗಳು ಎರಡು. ಬಾಡಿಗೆಯ ಕ್ರೂಸರಿನಲ್ಲಿ ಅಣ್ಣ ಚನಬಸಪ್ಪ, ನನ್ನ ಹೆಂಡತಿ ದ್ರಾಕ್ಷಾಯಣಿ, ನಮ್ಮ ಮಕ್ಕಳಾದ ಹನ್ನೆರಡು ವರ್ಷದ ಸಹನಾ, ಎಂಟರ ಶಿವಯೋಗಿ. ಉಳವಿಯಲ್ಲಿ ಕೋಣೆ ಹಿಡಿಯಲು ಅವರು ಮುಂದೆ ಹೋಗುವವರು. ನನ್ನ ಕಾರಿನಲ್ಲಿ ಅವ್ವ, ಕಾಶೆವ್ವ, ನಾನು. ಅವ್ವನಿಗೆ ಕುಲುಕಾಟ ಆಗದು, ನಾವು ಸಾವಕಾಶ.

ಸಾಮಾನು ಹೇರುವ ಕೆಲಸ ನನ್ನದು. ಒಳಗಿಂದ ಕಾಶೆವ್ವ ಕೂಗಿ ಹೇಳಿದಳು.

"ಶರಣೂ, ಕೆಂಪು ದಾರದ್ದು ಎರಡು ಅದಾವ. ಎರಡು ಗಂಟಿಂದು ನಿನ್ನ ಕಾರಿನ್ಯಾಗ, ಅತ್ತೀ ಕಾಲ ಹಂತೇಕ ಇಡು. ಒಂದು ಗಂಟಿಂದು ಹುಡುಗರ ಗಾಡ್ಯಾಗ. ಗಂಟು ನೋಡಿ ಇಡು."

ಬೆಳಕು ಇನ್ನೂ ಹರಿದಿರಲಿಲ್ಲ. ನನ್ನ ಒಂದು ಕೈಯಲ್ಲಿ ಫೋನು. ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ ಅವ್ವನ ಪಕ್ಕದಲ್ಲೇ ಎರಡೂ ಡಬ್ಬಿ ಇದ್ದವು. ಗಂಟು ಹುಡುಕಲು ಕನ್ನಡಕ ಬೇಕು, ಕನ್ನಡಕ ಒಳಗಿತ್ತು. ಇಪ್ಪತ್ತೆಂಟು ವರ್ಷದ ವಿದ್ಯೆ ಯಾವಾಗ ಉಪಯೋಗಕ್ಕೆ ಬರಬೇಕು? ಒಂದನ್ನು ಎತ್ತಿ ಅಲ್ಲಾಡಿಸಿದೆ. ಗಲಗಲ ಎಂದಿತು. ಕವಡೆ, ಎಂದುಕೊಂಡೆ. ಇನ್ನೊಂದನ್ನು ಅಲ್ಲಾಡಿಸಿದೆ. ಸಪ್ಪಳವೇ ಇಲ್ಲ. ದೇವರು ಸಪ್ಪಳ ಮಾಡುವುದಿಲ್ಲ. ಗಲಗಲ ಎಂದದ್ದನ್ನು ಕ್ರೂಸರಿಗೆ ಕೊಟ್ಟೆ, ಮೌನವಾಗಿದ್ದನ್ನು ಅವ್ವನ ಕಾಲ ಹತ್ತಿರ ಇಟ್ಟೆ. ಕ್ರೂಸರಿನ ಡ್ರೈವರ್ ಜ್ಯೋತಿಬಾ ಹಾರ್ನ್ ಹೊಡೆದು ಹೊರಟೇಬಿಟ್ಟ. ನಾವು ಹೊರಟಿದ್ದು ಅದಾಗಿ ಅರ್ಧ ತಾಸಿಗೆ.

ದಾಂಡೇಲಿ ದಾಟಿದಾಗ ಏಳೂ ಇಪ್ಪತ್ತೈದು. ಮಂಜು ಇನ್ನೂ ಕಾಡಿನ ಮೇಲೆ ಕೂತಿತ್ತು.

"ಹೊಳಿ ದಂಡಿ ಎಷ್ಟು ದೂರಾತು, ಶರಣೂ?" ಹಿಂದಿನ ಸೀಟಿನಿಂದ ಕಾಶೆವ್ವ ಕೇಳಿದಳು.

"ಐದು ಮಿನಿಟ್ ರೀ ವೈನಿ."

ವ್ಯಾಪಾರಿಯ ಐದು ಮಿನಿಟು ಎಂದರೆ ಎಷ್ಟು ಎಂದು ಆಕೆಗೆ ಗೊತ್ತಿರಬೇಕಿತ್ತು. ಆ ಹೊತ್ತಿಗೆ ನಂಬಿದಳು. ಏಳೂವರೆಗೆ ಸರಿಯಾಗಿ ಸೂಜಿ ಹಾಕಿದಳು. ಮುಂದಿನ ತಿರುವಿಗೆ ಹೋದರೆ ಕಟ್ಟಿಗೆಯ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು. ಅದನ್ನು ಸರಿಸಿ ದಾರಿ ಬಿಡುವಷ್ಟರಲ್ಲಿ ಹದಿನೈದು ನಿಮಿಷ ಹೋಯಿತು. ಕಾಶೆವ್ವ ಗಡಿಯಾರವನ್ನು ಎರಡು ಸಲ ನೋಡಿದಳು. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಹೊಳೆಯ ದಂಡೆಗೆ ಕಾರು ನಿಲ್ಲಿಸಿದೆ.

ಅವ್ವ ಕೈಕಾಲು ಮುಖ ತೊಳೆದುಕೊಂಡು ಚಾಪೆಯ ಮೇಲೆ ಕೂತಳು. ಕಾಶೆವ್ವ ಕೆಂಪು ದಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳು ಗಂಟಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಒಂದೇ ಗಂಟು. ಆಕೆ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಬಿಚ್ಚಿದಳು. ಚೌಕಾಬಾರಾದ ಬಟ್ಟೆ. ಬಟ್ಟೆಯೊಳಗೆ ನಾಲ್ಕು ಕವಡೆ. ಬೆಳಿಗ್ಗೆ ಗಲಗಲ ಎಂದದ್ದು ರುದ್ರಾಕ್ಷಿ ಸರ.

"ಎಲ್ಲೆದಾನವಾ ನನ್ನ ಲಿಂಗಯ್ಯ?" ಅವ್ವ ಕೇಳಿದಳು.

ನಾನು ಬಾಯಿ ತೆರೆದೆ. "ಅವ್ವಾ, ಅದು ನಾ..."

"ನೀ ಫೋನ್ ಹಚ್ಚು" ಎಂದು ಕಾಶೆವ್ವ ನನ್ನ ಮಾತು ಕತ್ತರಿಸಿದಳು. ಅವ್ವನ ಕಡೆ ತಿರುಗಿದಳು. "ಅತ್ತೀ, ಡಬ್ಬಿ ಅದಲ ಬದಲ ಆಗ್ಯಾವ್ರಿ. ನಿಮ್ಮ ಲಿಂಗಯ್ಯ ಹುಡುಗರ ಗಾಡ್ಯಾಗ ಹೋಗ್ಯಾನ. ತಪ್ಪು ನಂದು."

ಫೋನಿನಲ್ಲಿ ಒಬ್ಬಳು ಹೆಣ್ಣುಮಗಳು ಬಹಳ ನಯವಾಗಿ, ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ ಎಂದಳು. ಅಣ್ಣನ ನಂಬರಿಗೂ ಅದೇ, ದ್ರಾಕ್ಷಾಯಣಿಯ ನಂಬರಿಗೂ ಅದೇ, ಜ್ಯೋತಿಬಾನ ನಂಬರಿಗೂ ಅದೇ. ಕ್ರೂಸರ್ ಕಾಡು ಹೊಕ್ಕಿತ್ತು. ನಮಗಿಂತ ಮುಕ್ಕಾಲು ತಾಸು ಮುಂದಿತ್ತು.

ಎಂಟು ಗಂಟೆ. ಡಾಕ್ಟರು ಹೇಳಿದ ಅರ್ಧ ತಾಸು ಮುಗಿಯಿತು.

"ಅವ್ವಾ, ಇವತ್ತೊಂದಿನಾ ಮೊದಲ ಎರಡು ತುತ್ತು ತಿಂದಬಿಡು. ಪೂಜಿ ಆಮ್ಯಾಲ ಮಾಡೀಯಂತ" ಎಂದೆ.

ಅವ್ವನ ಕೈ ಎದೆಯ ಮೇಲೆ, ಕರಡಿಗೆ ತೂಗುತ್ತಿದ್ದ ಜಾಗವನ್ನು ಸವರಿಕೊಳ್ಳುತ್ತಿತ್ತು.

ವ್ಯಾಪಾರಿಗೆ ಒಂದು ಮಾಲು ನಡೆಯದಿದ್ದರೆ ಇನ್ನೊಂದು ತೋರಿಸುವ ಚಾಳಿ. "ವೈನೀ ಕೊರಳಾಗೂ ಲಿಂಗ ಐತಲ್ಲಾ. ಅದನ್ನ ಒಂದೀಟು ಕೈಯಾಗ ಹಿಡಕೊಂಡು..."

"ಥೂ! ಬ್ಯಾರೇ ಹೆಂಗಸಿನ ಗಂಡನ್ನ ಎರವಲು ತಗೋತಾರೇನೋ?"

ಲಿಂಗವನ್ನೇ ಪತಿಯೆಂದು ನಂಬಿದವಳು ಅವ್ವ. ಅವಳ ಬೈಗುಳದಲ್ಲಿ ಇನ್ನೂ ಬಿಸಿ ಇತ್ತು, ಅಷ್ಟರಮಟ್ಟಿಗೆ ಸಮಾಧಾನ. ಮೂರನೆಯ ಮಾಲು ತೆಗೆದೆ. "ಹೊಳ್ಳಿ ದಾಂಡೇಲಿ ದವಾಖಾನಿಗೆ ಹೋಗೂಣು. ಗ್ಲೂಕೋಸ್ ಬಾಟ್ಲಿ ಏರಸ್ತಾರ. ಅದು ಬಾಯಿಲೆ ನುಂಗೂದಲ್ಲ, ನಿನ್ನ ನೇಮಾನೂ ಉಳೀತೈತಿ."

"ಸೂಜಿಲೆ ಬಂದ ಅನ್ನಾನೂ ಅನ್ನನ" ಎಂದಳು ಅವ್ವ. ಈ ಸಲ ದನಿ ಸಣ್ಣದಾಗಿತ್ತು. ಡಿಸೆಂಬರಿನ ಆ ಚಳಿಯಲ್ಲಿ ಅವಳ ಹಣೆ ಬೆವೆತಿತ್ತು.

ಕಾಶೆವ್ವ ಬೆವರನ್ನು ಸೆರಗಿನಿಂದ ಒರೆಸಿದಳು. ಅವ್ವನ ಎರಡೂ ಕೈ ನಡುಗತೊಡಗಿದವು. ನಾನು ಕಾರು ತಿರುಗಿಸುತ್ತೇನೆಂದು ಎದ್ದೆ. ದಾಂಡೇಲಿ ದವಾಖಾನೆ ಹಿಂದೆ ಇಪ್ಪತ್ತು ಮಿನಿಟು, ಲಾರಿ ಮತ್ತೆ ಅಡ್ಡ ಇದ್ದರೆ ಎಷ್ಟೋ. ಕ್ರೂಸರ್ ಮುಂದೆ ಒಂದು ತಾಸಿನ ಮೇಲೆ. ಯಾವ ಕಡೆ ಹೋದರೂ ತಡವೇ. ಕೀಲಿ ಹಿಡಿದುಕೊಂಡು ಎರಡು ಹೆಜ್ಜೆ ಆ ಕಡೆ ಎರಡು ಹೆಜ್ಜೆ ಈ ಕಡೆ ಇಡುತ್ತಿದ್ದೆ.

"ಗಿರಿಜವ್ವಾ, ನೀರು ತುಂಬೂಣು ಬಾ" ಎಂದಳು ಅವ್ವ, ಕಾಶೆವ್ವನ ಮುಖ ನೋಡಿ.

ಗಿರಿಜವ್ವ ಅವ್ವನ ತಂಗಿ. ಸತ್ತು ಹದಿನಾಲ್ಕು ವರ್ಷ ಆಗಿದೆ.

ಕಾಶೆವ್ವ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. "ಶರಣೂ, ನಿಲ್ಲು. ಎಲ್ಲಿಗೂ ಹೋಗೂದು ಬ್ಯಾಡ. ಎಲ್ಲೆರ ಎರಡು ಪತ್ರಿ ತಾ, ಓಡು."

ಓಡಿದೆ. ಬಿಲ್ವದ ಗಿಡ ಕಾಣಲಿಲ್ಲ, ಕೈಗೆ ಸಿಕ್ಕಿದ್ದನ್ನು ಹರಿದು ತಂದೆ.

"ಇದು ಸಾಗವಾನಿ ಎಲಿ. ಲಿಂಗಯ್ಯನ್ನ ಊಟದ ಪಂಕ್ತಿಗೆ ಕುಂದರಸ್ತೀಯೇನ?" ಎಂದು ಅದನ್ನು ಬದಿಗೆಸೆದಳು. ಅಂಥಾ ಹೊತ್ತಿನಲ್ಲೂ ಬೈಯಲು ಆಕೆಗೆ ಪುರಸೊತ್ತಿತ್ತು. "ಹೋಗಲಿ, ಪತ್ರಿ ಬ್ಯಾಡ. ಅತ್ತೀ. ಅತ್ತೀ, ಇಲ್ಲೆ ನೋಡ್ರಿ. ಎಡಗೈ ಕೊಡ್ರಿ."

ಅವ್ವನ ಎಡ ಅಂಗೈಯನ್ನು ಬಾಟಲಿಯ ನೀರಿನಿಂದ ತೊಳೆದಳು. ವಿಭೂತಿ ಗಟ್ಟಿಯೂ ಕ್ರೂಸರಿನಲ್ಲೇ ಇತ್ತು. ಕಾಶೆವ್ವ ತನ್ನ ಹಣೆಯ ವಿಭೂತಿಯನ್ನೇ ಮೂರು ಬೆರಳಿನಿಂದ ಒರೆಸಿ ತೆಗೆದು ಅವ್ವನ ಅಂಗೈಗೆ ಮೂರು ಗೆರೆ ಎಳೆದಳು.

"ನಿಮಗ ಎಷ್ಟು ವರ್ಷ ಇದ್ದಾಗ ದೀಕ್ಷಾ ಆಗಿತ್ರಿ?"

ಅವ್ವ ಬಹಳ ದೂರದಿಂದ ಬಂದವಳಂತೆ ಹೇಳಿದಳು. "ಎಂಟು."

"ಅರವತ್ತೆಂಟು ವರ್ಷ ದಿನಾ ಇದ ಅಂಗೈದಾಗ ಕುಂತಾನ. ಇವತ್ತ ಹುಡುಗರ ಜೋಡಿ ಆಟಕ್ಕ ಹೋಗ್ಯಾನ, ಬರ್ತಾನ. ಅವ ಕುಂದ್ರೂ ಜಾಗಾ ಎಲ್ಲೂ ಹೋಗಿಲ್ಲಲ್ರಿ. ಇವತ್ತ ಜಾಗಾಕ್ಕ ಪೂಜಿ ಮಾಡ್ರಿ."

"ಇದು ಯಾವ ಶಾಸ್ತ್ರದಾಗೈತಿ?"

"ನನಗ ಶಾಸ್ತ್ರ ಬರೂದಿಲ್ರಿ ಅತ್ತಿ. ತಪ್ಪಿದ್ರ ನನ್ನ ತಲಿ ಮ್ಯಾಲ ಇರಲಿ. ಡಬ್ಬಿ ಕಟ್ಟಿದಾಕಿ ನಾನು. ಮಾಡ್ರಿ."

ಮೂವತ್ತೊಂದು ವರ್ಷದಲ್ಲಿ ಸಾರಿಗೆ ಉಪ್ಪು ಹಾಕುವುದನ್ನೂ "ಹಾಕ್ಲೇನ್ರಿ ಅತ್ತಿ?" ಎಂದು ಕೇಳಿ ಹಾಕಿದವಳು. ಆ "ಮಾಡ್ರಿ"ಯಲ್ಲಿ ಕೇಳುವುದು ಇರಲಿಲ್ಲ.

ಅವ್ವ ಅಂಗೈ ನೋಡಿಕೊಂಡಳು. ಮುಖದ ಮುಂದೆ ಎತ್ತಿ ಹಿಡಿಯಲು ಹೋದಳು, ಕೈ ನಿಲ್ಲಲಿಲ್ಲ. ಕಾಶೆವ್ವ ಕೆಳಗಿನಿಂದ ತನ್ನ ಕೈ ಆನಿಸಿದಳು. ಅವ್ವ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು, ಆಮೇಲೆ ಅದೂ ನಿಂತಿತು. ನಾನು ಗಡಿಯಾರ ನೋಡಿದೆ, ಹೊಳೆ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ನಿದ್ದೆ ಹೋದಳೋ, ಎಚ್ಚರ ತಪ್ಪಿತೋ, ಪೂಜೆಯೋ, ಯಾವುದೂ ತಿಳಿಯುವಂತಿರಲಿಲ್ಲ. ಈ ಮೌನವನ್ನು ಬಡಿದು ನೋಡಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ.

ಎಂಟೂ ಹದಿನೈದಕ್ಕೆ ಕಾಶೆವ್ವ ಬಿಳಿ ದಾರದ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಆ ಅಂಗೈಯ ಮೂರು ಗೆರೆಯ ಮೇಲೆ ಇಟ್ಟಳು.

"ನೈವೇದ್ಯ ಆತ್ರಿ ಅತ್ತಿ. ಪ್ರಸಾದ ತಗೋರಿ."

ಅವ್ವ ಕಣ್ಣು ತೆರೆದಳು. ಬೆಲ್ಲವನ್ನು ನೋಡಿದಳು. ಕಾಶೆವ್ವನನ್ನು ನೋಡಿದಳು. ಕಾಶೆವ್ವನ ಹಣೆ ಬೋಳಾಗಿತ್ತು. ಅವ್ವ ಅಂಗೈಯನ್ನು ಬಾಯಿಗೆ ಒಯ್ದಳು.

ಆಮೇಲೆ ಸಕ್ಕರೆ ನೀರು, ಅದಾದ ಮೇಲೆ ಮೊಸರನ್ನ. ಹಾಲು ಆಗತಾನೆ ಮೊಸರಾಗುತ್ತಿತ್ತು, ಕಾಶೆವ್ವ ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು. ಐದನೆಯ ತುತ್ತಿಗೆ ನಡುಕ ನಿಂತಿತು. ಎಂಟನೆಯದಕ್ಕೆ "ಉಪ್ಪು ಕಡಿಮಿ ಆಗೇತಿ" ಎಂದಳು ಅವ್ವ. ನಾನು ಹೋಗಿ ಕಾರಿಗೆ ಆನಿಸಿಕೊಂಡು ನಿಂತೆ.

ಊಟ ಮುಗಿಸಿ ಕೈ ತೊಳೆದ ಮೇಲೆ ಅವ್ವ ನ್ಯಾಯ ಹೇಳಲು ಕೂತಳು.

"ಜೀವಾ ಉಳಸಾಕಂತ ನುಂಗಿಸಿದಿ, ನುಂಗಿದೆ. ಆದ್ರ ಅಲ್ಲೆ ನನ್ನ ಲಿಂಗಯ್ಯ ಉಪವಾಸ ಅದಾನ. ಅವ ಬಂದು ಪೂಜಿ ಆಗೂತನಕಾ ನೀವಿಬ್ಬರೂ ಬಾಯಾಗ ಏನೂ ಹಾಕಾಂಗಿಲ್ಲ."

"ಹೂನ್ರಿ" ಎಂದಳು ಕಾಶೆವ್ವ.

"ನಾನೂನಾ?" ಎಂದೆ.

"ನೀ ಮೊದಲ."

ಹೊರಟೆವು. ಕಾರಿನ ತುಂಬ ಎಣ್ಣೆಗಾಯಿಯ ವಾಸನೆ, ಶೇಂಗಾ ಚಟ್ನಿಯ ವಾಸನೆ, ಧೋತರದ ತುಂಡಿನೊಳಗಿಂದ ರೊಟ್ಟಿಯ ವಾಸನೆ. ಹಸಿವಿನ ಕಥೆ ಅತ್ತ ಇರಲಿ. ನನ್ನನ್ನು ತಿನ್ನುತ್ತಿದ್ದದ್ದು ಬೇರೆ. ಸಹನಾ ಶಿವಯೋಗಿ ಇಬ್ಬರೂ ಡಬ್ಬಿ ಬಿಚ್ಚಿ, ಕಿತ್ತಾಡಿ, ತಿರುವಿನಲ್ಲಿ ಕಿಟಕಿಯಿಂದ ಏನಾದರೂ ಬೀಳಿಸಿದ್ದರೆ? ಚಹಾಕ್ಕೆ ಇಳಿದಲ್ಲಿ ಬೆಂಚಿನ ಮೇಲೆ ಬಿಟ್ಟು ಹೋಗಿದ್ದರೆ? ಲಿಂಗ ಹೋದರೆ ತಾನೂ ಹೋದ ಹಾಗೆಯೇ ಎಂದು ಅವ್ವ ಹಿಂದೆ ಎಷ್ಟೋ ಸಲ ಹೇಳಿದ್ದುಂಟು. ಒಂದು ಹೊತ್ತಿಗೆ ಅಂಗೈ ಪೂಜೆ ನಡೆಯಿತು. ದಿನಾ ನಡೆಯುವ ಮಾಲು ಅದಲ್ಲ, ಅದು ಕಾಶೆವ್ವನಿಗೂ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಆಕೆ ಚೌಕಾಬಾರಾದ ಬಟ್ಟೆಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು.

ಗಣೇಶಗುಡಿ ದಾಟಿತು. ಫೋನಿನವಳು ನಯ ಬಿಡಲಿಲ್ಲ. ಜೊಯಿಡಾ ಇನ್ನು ಮೂರು ನಾಲ್ಕು ಕಿಲೋಮೀಟರ್ ಇರುವಾಗ ಎದುರಿನ ತಿರುವಿನಿಂದ ಒಂದು ಗಾಡಿ ಹಗಲಲ್ಲೇ ದೀಪ ಮಿಣುಕಿಸುತ್ತ, ಹಾರ್ನ್ ಒತ್ತುತ್ತ ಬಂತು. ಕ್ರೂಸರ್!

ಜ್ಯೋತಿಬಾ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. "ಸಾವಕಾರ್ರ! ನಿಮ್ಮ ಪೋರಿ ನನ್ನ ಗಾಡಿ ಹೊಳ್ಳಿಸಿದ್ಲು ರೀ! ಉಳವಿ ಅರ್ಧಾ ದಾರಿ ಮುಗಿಸಿದ್ದೆ!"

ಸಹನಾ ಇಳಿದು ಬಂದಳು. ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದಳು. ಮುಖ ಬಾಡಿತ್ತು. ನೇರ ಕಾಶೆವ್ವನ ಮುಂದೆ ನಿಂತಳು.

"ದೊಡ್ಡವ್ವಾ, ನೀ ಹೇಳೂಕಿಂತ ಮೊದಲ ಕೆಂಪು ದಾರ ಬಿಚ್ಚಿದೆ. ಬೈಯಬ್ಯಾಡ. ಮೊಬೈಲಿನ್ಯಾಗ ನೆಟ್‌ವರ್ಕ್ ಹೋತು, 'ಆಟಾ ತಗಿ' ಅಂತ ಶಿವು ಹಟಾ ಹಿಡದಾ. ನೋಡಿದ್ರ ಆಯಿ ಲಿಂಗ."

ಆಯಿ ಎಂದರೆ ಹುಡುಗರ ಬಾಯಲ್ಲಿ ನಮ್ಮ ಅವ್ವ. ಕ್ರೂಸರಿನಲ್ಲಿ ನಡೆದದ್ದನ್ನು ದ್ರಾಕ್ಷಾಯಣಿ ಹೇಳಿದಳು. ಕರಡಿಗೆ ಕಂಡ ಕೂಡಲೆ ಹುಡುಗಿ ಮುಚ್ಚಳ ಹಾಕಿ ಗಾಡಿ ತಿರುಗಿಸಲು ಹೇಳಿದ್ದಾಳೆ. ನನ್ನ ಅಣ್ಣ ಚನಬಸಪ್ಪ ದೊಡ್ಡ ಮನುಷ್ಯ, ಯಾವುದಕ್ಕೂ ಗಡಿಬಿಡಿ ಮಾಡುವವನಲ್ಲ. "ಇನ್ನೇನು ಉಳವಿ ಬಂತು, ಅವರೂ ಅಲ್ಲೇ ಬರ್ತಾರ, ಕೊಟ್ಟರಾತು" ಎಂದಿದ್ದಾನೆ. ಸಹನಾ ಎದ್ದು ನಿಂತು, "ದೊಡ್ಡಪ್ಪಾ, ಆಯಿಗೆ ದೊಡ್ಡವ್ವ ಸೂಜಿ ಹಾಕಿ ಬಿಟ್ಟಿರ್ತಾಳ. ಪೂಜಿ ಆಗಲಿಲ್ಲಂದ್ರ ಆಯಿ ತಿನ್ನೂದಿಲ್ಲ. ಹೊಳ್ಳಸ್ರಿ ಗಾಡಿ!" ಎಂದು ಕಿರುಚಿದ್ದಾಳೆ. ಅಲ್ಲಿಂದ ಇಲ್ಲಿಯವರೆಗೆ ಡಬ್ಬಿ ಕೆಳಗೆ ಇಟ್ಟಿಲ್ಲ.

"ನೀವು ನಾಷ್ಟಾ ಮಾಡಿದ್ರೇನು?" ಎಂದೆ.

"ಆಕಿ ದೇವರನ್ನ ಹಿಡಕೊಂಡು ಒಂದು ಹನಿ ನೀರ ಕುಡೀದ ಕುಂತಾಳ, ಆಕಿ ಮುಂದ ಕುಂತು ನಾವು ಹೆಂಗ ತಿನ್ನೂದ್ರಿ?" ಎಂದಳು ದ್ರಾಕ್ಷಾಯಣಿ. ಅಣ್ಣ ಬೇರೆ ಕಡೆ ನೋಡಿದ. ಅವನ ಮೀಸೆಗೆ ಚೂಡಾದ ಒಂದು ಅವಲಕ್ಕಿ ಅಂಟಿತ್ತು. ನಾನು ನೋಡಿದೆ, ಹೇಳಲಿಲ್ಲ. ಆ ದಿನ ನಾನು ಯಾರ ತಪ್ಪನ್ನೂ ಎತ್ತಿ ಆಡುವ ಸ್ಥಿತಿಯಲ್ಲಿರಲಿಲ್ಲ.

ಅವ್ವ ರಸ್ತೆ ಪಕ್ಕದ ಮರದ ಕೆಳಗೆ ಚಾಪೆ ಹಾಕಿಸಿಕೊಂಡು ಕೂತಳು. ಕಾಶೆವ್ವ ಎರಡು ಗಂಟನ್ನು ತಾನೇ ಬಿಚ್ಚಿ ನೋಡಿದಳು. ಸಹನಾ ಬಿಚ್ಚಿ ಮತ್ತೆ ಕಟ್ಟಿದ್ದಳು, ಗಂಟು ಎರಡೇ ಹಾಕಿದ್ದಳು. ಲಿಂಗಯ್ಯ ತನ್ನ ಜಾಗಕ್ಕೆ ಬಂದು ಕೂತ. ಅವ್ವ ಆ ದಿನದ ಎರಡನೆಯ ಪೂಜೆಯನ್ನು ಒಂದು ಚೂರೂ ಕಡಿಮೆ ಮಾಡದೆ ಮಾಡಿದಳು. ನಾವು ಏಳು ಜನ ಮುಚ್ಚಿದ ಡಬ್ಬಿಗಳ ಸುತ್ತ ಕೂತು ಕಾಯ್ದೆವು. ಪೂಜೆ ಮುಗಿದ ಮೇಲೆ ಅವ್ವ ಗಟ್ಟಿಯಿಂದ ವಿಭೂತಿ ತೆಗೆದು, ಯಾರಿಗೂ ಹಚ್ಚದೆ ಮೊದಲು ಕಾಶೆವ್ವನ ಬೋಳು ಹಣೆಗೆ ಮೂರು ಬೆರಳು ಎಳೆದಳು. ಬಾಯಲ್ಲಿ ಹೇಳಿದ್ದು ಇಷ್ಟೇ: "ಬಡಸು. ಹುಡುಗಿಗೆ ಮೊದಲ."

ಬಿಳಿ ದಾರ, ಹಸಿರು ದಾರ ಎಂಬ ಭೇದ ಉಳಿಯಲಿಲ್ಲ. ಜ್ಯೋತಿಬಾ ಆರು ರೊಟ್ಟಿ ತಿಂದ. ಅಣ್ಣ ಎಷ್ಟು ತಿಂದನೆಂದು ಎಣಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಕಾಶೆವ್ವನ ಹಿಂದೆ ಹೋಗಿ ಕೇಳಿದೆ.

"ವೈನೀ, ತಪ್ಪು ನಂದಿತ್ತು. ಯಾಕ ನಿಮ್ಮ ಮ್ಯಾಲ ತಗೊಂಡ್ರಿ?"

"ನಿಂದಂದ್ರ ಅತ್ತಿ ನಿನ್ನ ಬೈಯಾಕ ಹತ್ತತಿದ್ರು. ಬೈದು ಮುಗಸಾಕ ಅರ್ಧಾ ತಾಸು ಬೇಕು. ಅಷ್ಟು ಹೊತ್ತು ಎಲ್ಲಿತ್ತೋ?" ಎಂದು ಡಬ್ಬಿ ತೊಳೆಯಲು ಕೂತಳು.

ಅಷ್ಟಕ್ಕೇ ಅದು ಮುಗಿಯಿತೆಂದುಕೊಂಡೆ. ಸಂಜೆ ಉಳವಿಯಲ್ಲಿ ದರ್ಶನವಾಯಿತು, ಅವ್ವನ ಕೊರಳಿಗೆ ಹೊಸ ಶಿವದಾರ ಬಂತು, ಅದೂ ಎರಡೆಳೆಯದು. ಕೋಣೆಗೆ ಬಂದ ಮೇಲೆ ಸಹನಾ ಚೌಕಾಬಾರಾದ ಬಟ್ಟೆ ಹಾಸಿದಳು. ಅವ್ವ ಹಸಿರು ಬಳೆಚೂರು ಆರಿಸಿಕೊಂಡಳು. ನಾಲ್ಕು ಕವಡೆಯನ್ನು ಕೈಯಲ್ಲಿ ಕುಲುಕಿ ನನ್ನ ಕಡೆ ನೋಡಿದಳು.

"ಶರಣ್ಯಾ, ಕಣ್ಣ ಮುಚ್ಚು. ನಾ ಕವಡಿ ಒಗೀತೀನಿ. ಸಪ್ಪಳಾ ಕೇಳಿ ಎಷ್ಟು ಬಿತ್ತು ಹೇಳು ನೋಡೂನು."

ಬೆಳಿಗ್ಗೆ ಕಟ್ಟೆಯ ಮೇಲೆ ಶಾಲು ಹೊದ್ದು ಅವ್ವ ನನ್ನ ಪಕ್ಕದಲ್ಲೇ ಕೂತಿದ್ದು ಆಗ ನೆನಪಾಯಿತು. ಡಬ್ಬಿ ಅಲ್ಲಾಡಿಸಿದ್ದನ್ನು ಆಕೆ ನೋಡಿದ್ದಳು. ಹೊಳೆಯ ದಂಡೆಯಲ್ಲಿ ಕಾಶೆವ್ವ "ತಪ್ಪು ನಂದು" ಎಂದಾಗ ಆಕೆಗೆ ಎಲ್ಲಾ ಗೊತ್ತಿತ್ತು. ಮಗ ಎಷ್ಟು ಹೊತ್ತು ಸುಮ್ಮನಿರುತ್ತಾನೆ ಎಂದು ನೋಡುತ್ತಿದ್ದಳು. ಸಂಜೆಯವರೆಗೂ ಸುಮ್ಮನಿದ್ದೆ.

"ನಾನ ಅದಲ ಬದಲ ಮಾಡಿದ್ದವ್ವಾ" ಎಂದೆ.

"ಹೇಳಾಕ ಹನ್ನೊಂದು ತಾಸು ಬೇಕಾತು" ಎಂದು ಅವ್ವ ಕವಡೆ ಒಗೆದಳು. ಎಷ್ಟು ಬಿತ್ತೆಂದು ಈ ಸಲ ಬಗ್ಗಿ ಕಣ್ಣಿನಿಂದಲೇ ಎಣಿಸಿದೆ.

ಮರುದಿನ ಬೆಳಿಗ್ಗೆ ಕಾರವಾರಕ್ಕೆ ಹೊರಡುವಾಗ ಪಶ್ಚಾತ್ತಾಪಕ್ಕೆಂದು ಕಾಶೆವ್ವನಿಗೆ ಒಂದು ಮಾತು ಹೇಳಿದೆ. "ಊರಿಗೆ ಹೋದ ಮ್ಯಾಲ ಈ ಹನ್ನೆರಡೂ ಡಬ್ಬಿ ವಾಪಸ ಕೊಡ್ರಿ ವೈನಿ. ಬ್ಯಾರೇ ಬ್ಯಾರೇ ಅಳತೀವು ಕೊಡ್ತೀನಿ, ಇಂಥಾ ತಪ್ಪು ಆಗೂದಿಲ್ಲ."

ಆಕೆ ಒಂದು ಡಬ್ಬಿಯ ಮುಚ್ಚಳದ ಮೇಲೆ ಕೆಂಪು ದಾರ ಬಿಗಿಯುತ್ತಿದ್ದಳು. ಒಳಗೆ ಈ ಸಲ ಬೆಲ್ಲದ ಚೂರುಗಳಿದ್ದವು. ಎರಡನೆಯ ಗಂಟು ಹಾಕಿ ಅದನ್ನು ಸಹನಾಳ ಕೈಗೆ ಕೊಟ್ಟಳು. "ಆಯಿ ಕಾಲ ಹಂತೇಕ ಇಡವಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಡಬ್ಬಿಗೆ ಏನಾಗೇತಿ? ಛಲೋ ಅದಾವ. ಹೇರಾಂವನ್ನ ಬದಲಿ ಮಾಡೇನಿ."